ನುಂಗಂಬಾಕ್ಕದ ಟೆನಿಸ್ಸು, ಊರಿನ ನೆಂಟರು

ಮದರಾಸಿನಲ್ಲಿ ಮನೆ ಮಾಡಿಕೊಂಡ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಸುಮ್ಮನೆ ಬರುವುದಿಲ್ಲ. ಕಣ್ಣಿನ ಆಪರೇಷನ್ನಿಗೆ ಬರುತ್ತಾರೆ, ಹೃದಯ ತೋರಿಸಲು ಬರುತ್ತಾರೆ, ಮಗನಿಗೆ ಅಮೆರಿಕದ ವೀಸಾ ಇಂಟರ್‌ವ್ಯೂ ಇದೆ ಎಂದು ಬರುತ್ತಾರೆ, ಮದುವೆ ಸೀರೆ ತೆಗೆಯಲು ಕಂಚಿಗೆ ಹೋಗುವಾಗ ಒಂದು ರಾತ್ರಿ ಇಳಿದುಕೊಳ್ಳುತ್ತಾರೆ. ಬಂದವರು ಕೆಲಸ ಮುಗಿದ ಮೇಲೆ ಒಮ್ಮೆ ಸಮುದ್ರ ನೋಡುತ್ತಾರೆ, ‘ಅಬ್ಬಾ ಏನು ಸೆಖೆ, ನೀವು ಹೇಗಿದ್ದೀರೋ ಮಾರಾಯ’ ಅನ್ನುತ್ತಾರೆ, ರಾತ್ರಿಯ ರೈಲು ಹತ್ತುತ್ತಾರೆ. ಬೆಂಗಳೂರಿನಲ್ಲಿರುವವರ ಮನೆಗೆ ಹೋದಂತೆ ಇಲ್ಲಿಗೆ ಯಾರೂ ‘ಹೀಗೇ ಬಂದೆವು’ ಅಂತ ಬರುವುದಿಲ್ಲ. ಮಾತು ಬೇರೆ, ನೀರಿನ ಜಗಳ ಬೇರೆ.

ನಮ್ಮ ಮನೆಗೆ ಮಾತ್ರ ಇಪ್ಪತ್ತು ವರ್ಷ ಇನ್ನೊಂದು ಕಾರಣಕ್ಕೆ ನೆಂಟರು ಬಂದರು. ಅದು ಟೆನಿಸ್ಸು. ಜನವರಿಯ ಮೊದಲ ವಾರ ನುಂಗಂಬಾಕ್ಕದಲ್ಲಿ ನಡೆಯುತ್ತಿದ್ದ ಚೆನ್ನೈ ಓಪನ್.

ಟೆನಿಸ್ ನಮ್ಮಂಥವರ ಮನೆಯ ಆಟವಲ್ಲ, ಅದು ನನಗೆ ಗೊತ್ತು. ನನ್ನ ಸೋದರಮಾವನಿಂದಾಗಿ ಅದು ನಮ್ಮ ಮನೆಯೊಳಗೆ ಬಂತು. ಸಕಲೇಶಪುರದ ಕಡೆಯ ಒಂದು ಪ್ಲಾಂಟರುಗಳ ಕ್ಲಬ್ಬಿನಲ್ಲಿ ಅವರು ಮಾರ್ಕರ್ ಆಗಿದ್ದರು. ಈ ಶಬ್ದ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕ್ಲಬ್ಬಿನ ಕೋರ್ಟು ನೋಡಿಕೊಳ್ಳುವ, ಮೆಂಬರುಗಳಿಗೆ ಜೊತೆ ಸಿಗದಿದ್ದಾಗ ತಾನೇ ರ‍್ಯಾಕೆಟ್ ಹಿಡಿದು ಎದುರು ನಿಲ್ಲುವ, ಅವರ ಮಕ್ಕಳಿಗೆ ಆಟ ಹೇಳಿಕೊಡುವ ಸಂಬಳದ ಆಳಿಗೆ ಮಾರ್ಕರ್ ಅನ್ನುತ್ತಿದ್ದರು. ಬ್ರಿಟಿಷರು ಮಂಜರಾಬಾದಿನ ಕಾಡು ಕಡಿದು ಕಾಫಿ ಹಾಕಿದಾಗ ತಮ್ಮ ಜೊತೆ ಕ್ಲಬ್ಬನ್ನೂ ತಂದರು, ಕ್ಲಬ್ಬಿನ ಜೊತೆ ಟೆನಿಸ್ಸನ್ನೂ ತಂದರು. ಅವರು ತೋಟ ಮಾರಿ ಹೋದ ಮೇಲೆ ತೋಟ ಕೊಂಡವರು ಕ್ಲಬ್ಬನ್ನೂ ಆಟವನ್ನೂ ಇಟ್ಟುಕೊಂಡರು. ಮಾರ್ಕರನ್ನೂ ಇಟ್ಟುಕೊಂಡರು.

ಮಾವ 1958ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಚೆಂಡು ಹೆಕ್ಕುವ ಹುಡುಗನಾಗಿ ಅಲ್ಲಿ ಸೇರಿದ್ದು. ಮಳೆಗಾಲ ಮುಗಿದ ಮೇಲೆ ಕೋರ್ಟಿಗೆ ಹೊಸ ಮಣ್ಣು ಹಾಕಿ, ರೋಲರ್ ಎಳೆದು, ಅಂಗಳ ಸಾರಿಸಿದ ಹಾಗೆ ಸಗಣಿ ಸಾರಿಸಿ, ಸುಣ್ಣದಲ್ಲಿ ಗೆರೆ ಎಳೆಯುವುದು ಅವರ ಕೆಲಸ. ಸಗಣಿಯ ಕೋರ್ಟು ಅಂದರೆ ನಗಬೇಡಿ. ದಕ್ಷಿಣ ಭಾರತದಲ್ಲಿ ಒಂದು ತಲೆಮಾರು ದೊಡ್ಡ ಆಟಗಾರರು ಅಂಥ ಕೋರ್ಟಿನಲ್ಲೇ ಆಡಿ ಕಲಿತವರು. ಇಪ್ಪತ್ತರ ಹೊತ್ತಿಗೆ ಮಾವ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದರು. ಎಲ್ಲರಿಗಿಂತ ಚೆನ್ನಾಗಿ ಆಡಿ ಯಾರನ್ನೂ ಸೋಲಿಸದೆ ಇರುವುದು ಮಾರ್ಕರನ ವಿದ್ಯೆ. ‘ಧಣಿ ಗೆಲ್ಲಬೇಕು, ಆದರೆ ನಾನು ಬಿಟ್ಟುಕೊಟ್ಟೆ ಅಂತ ಗೊತ್ತಾಗಬಾರದು. ಅದು ಬಲು ಕಷ್ಟ ಕಣೋ’ ಎನ್ನುತ್ತಿದ್ದರು. ಕೋರ್ಟಿನ ಪಕ್ಕ ಮೆಂಬರುಗಳಿಗೆ ಬೆತ್ತದ ಕುರ್ಚಿಗಳಿದ್ದವು. ಮಾವ 2004ರಲ್ಲಿ ಕೆಲಸ ಬಿಡುವವರೆಗೆ, ನಲವತ್ತಾರು ವರ್ಷ, ಆ ಕುರ್ಚಿಗಳನ್ನು ಒರೆಸಿದರು, ಮಳೆ ಬಂದರೆ ಒಳಗಿಟ್ಟರು. ಕೂತದ್ದಿಲ್ಲ. ಯಾರೂ ಕೂರಬೇಡ ಅಂದಿರಲಿಲ್ಲ, ಅದು ಹೇಳಿ ತಿಳಿಸುವ ಸಂಗತಿ ಆಗಿರಲಿಲ್ಲ.

ಮಾವನ ಬಾಯಲ್ಲಿ ಮದರಾಸು ಅಂದರೆ ರಾಮನಾಥನ್ ಕೃಷ್ಣನ್ ಅವರ ಊರು. ನಮಗೆ ಮದರಾಸು ಸಿನಿಮಾದವರ ಊರಾಗಿದ್ದಾಗ ಅವರಿಗೆ ಅದು ಟೆನಿಸ್ಸಿನ ಊರು. 1954ರಲ್ಲಿ ವಿಂಬಲ್ಡನ್‌ನ ಕಿರಿಯರ ಪ್ರಶಸ್ತಿ ಗೆದ್ದ ಕೃಷ್ಣನ್, 1960 ಮತ್ತು 61ರಲ್ಲಿ ಅಲ್ಲೇ ಹಿರಿಯರ ಸೆಮಿಫೈನಲ್ ತಲುಪಿದರು. ಅವರಿಗೆ ಆಟ ಕಲಿಸಿದವರು ಅವರ ತಂದೆ. 1966ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಡೇವಿಸ್ ಕಪ್‌ನ ಪಂದ್ಯದಲ್ಲಿ ಬ್ರೆಜಿಲ್‌ನ ಥಾಮಸ್ ಕಾಕ್ ಎದುರು ಸೋಲಿನ ಅಂಚಿಗೆ ಹೋಗಿ, ನಾಲ್ಕನೇ ಸೆಟ್ಟಿನಲ್ಲಿ 2-5ರಿಂದ ಎದ್ದು ಬಂದು ಗೆದ್ದು, ಭಾರತವನ್ನು ಮೊದಲ ಸಲ ಡೇವಿಸ್ ಕಪ್ ಫೈನಲ್ಲಿಗೆ ಒಯ್ದರು. ಆ ಸುದ್ದಿ ಇದ್ದ ಪೇಪರನ್ನು ಮಾವ ಎಷ್ಟೋ ವರ್ಷ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಕೃಷ್ಣನ್ ಅವರ ಮಗ ರಮೇಶ್ 1979ರಲ್ಲಿ ಅಪ್ಪನ ಹಾಗೇ ವಿಂಬಲ್ಡನ್ ಕಿರಿಯರ ಪ್ರಶಸ್ತಿ ಗೆದ್ದರು. 1987ರಲ್ಲಿ ಸಿಡ್ನಿಯ ಹುಲ್ಲಿನ ಮೇಲೆ ಆಸ್ಟ್ರೇಲಿಯದವರನ್ನು ಮಣಿಸಿ ಭಾರತ ಮತ್ತೆ ಡೇವಿಸ್ ಕಪ್ ಫೈನಲ್ ತಲುಪಿದಾಗ ನಿರ್ಣಾಯಕ ಪಂದ್ಯ ಗೆದ್ದವರೂ ಅವರೇ. ಈ ಎರಡು ತಲೆಮಾರಿನ ನಡುವೆ ಅಮೃತರಾಜ್ ಸಹೋದರರು ಮೂವರು, ಆನಂದ್, ವಿಜಯ್, ಅಶೋಕ್. ವಿಜಯ್ 1973 ಮತ್ತು 81ರಲ್ಲಿ ವಿಂಬಲ್ಡನ್ ಕ್ವಾರ್ಟರ್‌ಫೈನಲ್ ಆಡಿದರು. 1980ರ ದಶಕದಲ್ಲಿ ಅವರು ಮದರಾಸಿನಲ್ಲಿ ನಡೆಸಿದ ಅಕಾಡೆಮಿಗೆ ಕಲ್ಕತ್ತೆಯಿಂದ ಬಂದು ಸೇರಿದ ಹುಡುಗ ಲಿಯಾಂಡರ್ ಪೇಸ್. ಎರಡು ಮೂರು ಮನೆತನಗಳಿಂದ ಒಂದು ಊರಿಗೆ ಒಂದು ಆಟದ ಕಣ್ಣು ಬಂತು. ಸಂಗೀತದಲ್ಲಿ ಆಗುವುದೂ ಹೀಗೇ ತಾನೆ?

ಹಾಗೆ ನೋಡಿದರೆ ಸ್ಟೇಡಿಯಂ ಬಂದದ್ದು ತಡವಾಗಿ. 1995ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟ ನಡೆಯಿತು, ಅದಕ್ಕೆಂದು ತಮಿಳುನಾಡು ಸರ್ಕಾರ ನುಂಗಂಬಾಕ್ಕದಲ್ಲಿ ಟೆನಿಸ್ ಸ್ಟೇಡಿಯಂ ಕಟ್ಟಿಸಿತು. ಸುಮಾರು 5,800 ಜನ ಕೂರಬಹುದು. ಅದಿರುವ ಬಡಾವಣೆಗೆ ‘ಲೇಕ್ ಏರಿಯಾ’ ಎಂದು ಹೆಸರು. ನಾನು ಬ್ಯಾಂಕಿನ ವರ್ಗಾವಣೆಯಲ್ಲಿ 1995ರಲ್ಲಿ ಇಲ್ಲಿಗೆ ಬಂದಾಗ ಮನೆ ಸಿಕ್ಕಿದ್ದು ಪಶ್ಚಿಮ ಮಾಂಬಲಂನಲ್ಲಿ, ‘ಲೇಕ್ ವ್ಯೂ ರೋಡ್’ ಹತ್ತಿರ. ಅಲ್ಲಿ ಎಲ್ಲಿ ನಿಂತು ನೋಡಿದರೂ ಕೆರೆ ಕಾಣುವುದಿಲ್ಲ. ಕೇಳಿದರೆ, ನುಂಗಂಬಾಕ್ಕದಿಂದ ಮಾಂಬಲಂ ಕಡೆಗೆ ಉದ್ದಕ್ಕೆ ಹಬ್ಬಿದ್ದ ದೊಡ್ಡ ಕೆರೆಯೊಂದಿತ್ತು. 1920ರ ದಶಕದಲ್ಲಿ ಅದನ್ನು ಬತ್ತಿಸಿ ಟಿ. ನಗರ ಕಟ್ಟಿದರು, ಉಳಿದ ತುಂಡುಗಳ ಮೇಲೆ ಆಮೇಲೆ ಒಂದೊಂದಾಗಿ ಬಡಾವಣೆ, ವಳ್ಳುವರ್ ಕೋಟ್ಟಂ, ಎಲ್ಲ ಬಂದವು. ಬೆಂಗಳೂರಿನವರು ಇದಕ್ಕೆ ಆಶ್ಚರ್ಯ ಪಡಬೇಕಾಗಿಲ್ಲ. ಸಂಪಂಗಿ ಕೆರೆಯ ಮೇಲೆ ಕಂಠೀರವ ಸ್ಟೇಡಿಯಂ, ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಕಟ್ಟಿದವರು ನಾವು. 2015ರ ಡಿಸೆಂಬರಿನ ಮಳೆಗೆ ಪಶ್ಚಿಮ ಮಾಂಬಲಂ ಬೀದಿಗಳಲ್ಲಿ ನೀರು ನಿಂತಾಗ ನಮ್ಮ ಓನರಮ್ಮ ಮೆಟ್ಟಿಲ ಮೇಲೆ ಕೂತು, ‘ಕೆರೆ ತನ್ನ ಜಾಗ ನೋಡಿಕೊಂಡು ಹೋಗಲು ಬಂದಿದೆ’ ಅಂತ ತಮಿಳಿನಲ್ಲಿ ಹೇಳಿದರು.

ಟೂರ್ನಿ ಹುಟ್ಟಿದ್ದು ಮದರಾಸಿನಲ್ಲಲ್ಲ, 1996ರಲ್ಲಿ ದೆಹಲಿಯಲ್ಲಿ. ಮರುವರ್ಷ, 1997ಕ್ಕೆ, ಇಲ್ಲಿಗೆ ಬಂತು. ಅದೇ ಹೊತ್ತಿಗೆ ಊರಿನ ಹೆಸರೂ ಚೆನ್ನೈ ಎಂದಾಗಿತ್ತು. ಮೊದಮೊದಲು ಗೋಲ್ಡ್ ಫ್ಲೇಕ್ ಓಪನ್, ಆಮೇಲೆ ಟಾಟಾ ಓಪನ್, ಆಮೇಲೆ ಚೆನ್ನೈ ಓಪನ್. ಸಿಗರೇಟಿನ ಹೆಸರಿನಲ್ಲಿ ಆರೋಗ್ಯವಂತರು ಓಡಾಡುವುದನ್ನು ಆಗ ಯಾರೂ ವಿಚಿತ್ರ ಅಂದುಕೊಳ್ಳುತ್ತಿರಲಿಲ್ಲ. ಪುರುಷರ ಎಟಿಪಿ ಟೂರಿನ ಮೆಟ್ಟಿಲುಗಳಲ್ಲಿ ಇದು ಕೆಳಗಿನ ಮೆಟ್ಟಿಲೇ. ಆದರೂ ಜನವರಿಯ ಮೊದಲ ವಾರ ಅನ್ನುವುದೇ ಅದರ ಬಂಡವಾಳ. ಅದೇ ತಿಂಗಳ ನಡುವಿಗೆ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯನ್ ಓಪನ್ ಶುರುವಾಗುತ್ತದೆ. ಅದಕ್ಕೆ ಮೊದಲು ಬಿಸಿಲಿನಲ್ಲಿ, ಗಟ್ಟಿ ಕೋರ್ಟಿನಲ್ಲಿ ಕೈಕಾಲು ಸಡಿಲ ಮಾಡಿಕೊಳ್ಳಬೇಕೆಂದು ಯೂರೋಪಿನ ಚಳಿಯಿಂದ ಬರುವವರಿಗೆ ಚೆನ್ನೈ ದಾರಿಯ ಮೇಲಿನ ಛತ್ರದ ಹಾಗೆ. ಅದೇ ವಾರ ದೋಹಾದಲ್ಲೂ ಟೂರ್ನಿ, ಅಲ್ಲಿ ದುಡ್ಡು ಹೆಚ್ಚು. ಅಂಥದ್ದರ ಎದುರು ಚೆನ್ನೈ ಇಪ್ಪತ್ತೊಂದು ವರ್ಷ ನಿಂತಿತು.

ಮೊದಲ ವರ್ಷವೇ ಡಬಲ್ಸ್ ಗೆದ್ದವರು ಪೇಸ್ ಮತ್ತು ಬೆಂಗಳೂರಿನಲ್ಲಿ ನೆಲೆಸಿದ ಮಹೇಶ್ ಭೂಪತಿ. ಇದನ್ನು ಓದಿ ಮಾವ ಊರಿನಿಂದ ಎಸ್‌ಟಿಡಿ ಬೂತಿಗೆ ಬಂದು ಫೋನ್ ಮಾಡಿದರು. ‘ನೀನಿರೋ ಊರಲ್ಲೇ ಆಡ್ತಾರಂತಲ್ಲೋ. ನೀನು ಹೋಗಿದ್ಯಾ?’ ಹೋಗಿರಲಿಲ್ಲ. ನನಗೆ ಆಗ ಆಟದ ಲೆಕ್ಕವೇ ಗೊತ್ತಿರಲಿಲ್ಲ, ಹದಿನೈದಾದ ಮೇಲೆ ಮೂವತ್ತು, ಅದಾದ ಮೇಲೆ ಯಾಕೆ ನಲವತ್ತು ಅಂತ ಗೊತ್ತಿರದವನು ನಾನು. ಮುಂದಿನ ವರ್ಷ, 1998ರಲ್ಲಿ, ಮಾವ ಕ್ಲಬ್ಬಿಗೆ ಒಂದು ವಾರ ರಜಾ ಹಾಕಿ, ಅತ್ತೆಯನ್ನೂ ಕರೆದುಕೊಂಡು ಬಂದರು. ಜೊತೆಗೆ ಒಂದು ಚೀಲ ಕಿತ್ತಳೆ, ಎರಡು ಕೆಜಿ ಕಾಫಿಪುಡಿ, ಒಂದು ಹಳೇ ಡನ್‌ಲಪ್ ರ‍್ಯಾಕೆಟ್. ಅದನ್ನು ಯಾಕೆ ತಂದರೋ! ಯಾರಾದರೂ ಆಟಕ್ಕೆ ಕರೆದರೆ ಇರಲಿ ಎಂದಿರಬೇಕು ಎಂದು ಅತ್ತೆ ಹಾಸ್ಯ ಮಾಡಿದರು.

ಮಾಂಬಲಂನಿಂದ ಲೋಕಲ್ ರೈಲಿನಲ್ಲಿ ಕೋಡಂಬಾಕ್ಕಂ, ಆಮೇಲೆ ನುಂಗಂಬಾಕ್ಕಂ. ಎರಡೇ ಸ್ಟೇಷನ್. ಅಲ್ಲಿಂದ ನಡೆದೆವು. ಗೇಟಿನಲ್ಲಿ ಟಿಕೆಟ್ ಹರಿದುಕೊಟ್ಟ ಹುಡುಗ ಮಾವನಿಗೆ ‘ಸಾರ್, ನಿಮ್ಮ ಸೀಟು ಆ ಕಡೆ’ ಎಂದ. ಟಿಕೆಟ್ಟಿನಲ್ಲಿ ಬರೆದಿದ್ದ ನಂಬರನ್ನೂ ಕುರ್ಚಿಯ ಮೇಲಿದ್ದ ನಂಬರನ್ನೂ ಮಾವ ಎರಡು ಸಲ ಹೋಲಿಸಿ ನೋಡಿದರು. ನಾನು, ಅತ್ತೆ, ನನ್ನ ಹೆಂಡತಿ ಕೂತೆವು. ಮಾವ ಕಟಕಟೆ ಹಿಡಿದು ನಿಂತೇ ಇದ್ದರು. ಮೊದಲ ಸೆಟ್ ಅರ್ಧ ಆಗುವ ಹೊತ್ತಿಗೆ ಹಿಂದಿನ ಸಾಲಿನ ಮಾಮಿಯೊಬ್ಬರು ‘ಉಕ್ಕಾರುಂಗೊ, ಮರೈಕ್ಕಿದು’ ಎಂದರು. ಕೂತುಕೊಳ್ಳಿ, ಮರೆಯಾಗುತ್ತಿದೆ. ಅತ್ತೆ ಶರಟಿನ ತುದಿ ಹಿಡಿದು ಎಳೆದರು. ಮಾವ ಕೂತರು. ಕೋರ್ಟಿನ ಪಕ್ಕ ಒಬ್ಬ ಮನುಷ್ಯ ಕೂತು ಆಟ ನೋಡಿದ ಅಂತ ಚರಿತ್ರೆಯಲ್ಲಿ ಬರೆಯುವಂಥದ್ದು ಏನೂ ಇಲ್ಲ, ಆದರೆ ಅವತ್ತು ರಾತ್ರಿ ಊಟದ ಹೊತ್ತಿಗೆ ಅತ್ತೆ ಇದನ್ನು ಹೇಳಿ ನಕ್ಕು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದು ನನಗೆ ನೆನಪಿದೆ. ಆ ವರ್ಷ ಗೆದ್ದದ್ದು ಪ್ಯಾಟ್ ರ‍್ಯಾಫ್ಟರ್. ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ಅಮೆರಿಕನ್ ಓಪನ್ ಗೆದ್ದಿದ್ದ ಮನುಷ್ಯ ನಮ್ಮಿಂದ ಇಪ್ಪತ್ತು ಮಾರು ದೂರದಲ್ಲಿ ಸರ್ವ್ ಮಾಡಿ ನೆಟ್ಟಿಗೆ ಓಡಿಬರುತ್ತಿದ್ದ. ‘ಓಡೋದು ನೋಡ್ಬೇಡ, ನಿಲ್ಲೋದು ನೋಡು. ಎದುರಿನವನು ಹೊಡೆಯೋ ಹೊತ್ತಿಗೆ ಇವನು ನಿಂತಿರ್ತಾನೆ’ ಎಂದು ಮಾವ ಪಾಠ ಮಾಡಿದರು.

ಅಲ್ಲಿಂದ ಅದು ಪದ್ಧತಿಯಾಯಿತು. ಒಂದು ವರ್ಷ ಮಾವ ಅತ್ತೆ, ಒಂದು ವರ್ಷ ಅವರ ಮಗ, ಒಂದು ವರ್ಷ ನನ್ನ ತಂಗಿಯ ಸಂಸಾರ. ಮಾವ ಹೆಚ್ಚುಕಡಿಮೆ ಎಲ್ಲ ವರ್ಷವೂ ಬಂದರು. ಮಾರ್ಗಳಿಯ ಸಂಗೀತದ ಸೀಸನ್ ಮುಗಿಯುತ್ತಾ ಬರುವ ಹೊತ್ತು ಅದು, ಊರಿನ ಸಭಾಗಳಲ್ಲಿ ಕಚೇರಿ ಕೇಳಿದವರೇ ಇಲ್ಲಿಗೂ ಬಂದಂತೆ ಇರುತ್ತಿತ್ತು ಜನ. ಒಳ್ಳೇ ಹೊಡೆತಕ್ಕೆ, ಹೊಡೆದವನು ಯಾರೇ ಆಗಲಿ, ‘ಆಹಾ’ ಎಂದು ತಲೆದೂಗುತ್ತಿದ್ದರು. ಚೆಪಾಕ್‌ನಲ್ಲಿ 1999ರ ಜನವರಿಯಲ್ಲಿ ಭಾರತವನ್ನು ಸೋಲಿಸಿದ ಪಾಕಿಸ್ತಾನದ ಕ್ರಿಕೆಟ್ ತಂಡಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದ ಊರು ಇದು.

ಪಂದ್ಯ ಮುಗಿದ ಮೇಲೆ ಕೆಥೆಡ್ರಲ್ ರೋಡಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್. ಉಡುಪಿ ಕಡೆಯಿಂದ ಬಂದು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೆ. ಕೃಷ್ಣರಾಯರು 1962ರಲ್ಲಿ ಇದನ್ನು ಶುರುಮಾಡಿದ್ದು. ಮರಗಳ ಕೆಳಗೆ ಕಾರು ನಿಲ್ಲಿಸಿ ಕೂತಲ್ಲಿಗೇ ದೋಸೆ ಬರುತ್ತಿತ್ತು. ನಮಗೆ ಕಾರು ಇರಲಿಲ್ಲ, ಒಳಗೆ ಕೂತು ತಿನ್ನುತ್ತಿದ್ದೆವು. ಅಲ್ಲಿನ ಸಪ್ಲೈಯರುಗಳಲ್ಲಿ ಕೆಲವರು ನಮ್ಮ ಮಾತು ಕೇಳಿ ಕನ್ನಡಕ್ಕೆ ತಿರುಗುತ್ತಿದ್ದರು, ಅತ್ತೆಗೆ ಅದರಿಂದ ಇನ್ನಿಲ್ಲದ ಧೈರ್ಯ. 2008ರಲ್ಲಿ ಡ್ರೈವ್-ಇನ್ ಮುಚ್ಚಿ ಆ ಜಾಗದಲ್ಲಿ ಸರ್ಕಾರದ ಉದ್ಯಾನ ಬಂತು. ಅತ್ತೆಗೆ ಟೆನಿಸ್ಸಿಗಿಂತ ಕೋಡಂಬಾಕ್ಕಂ ಮೇಲೆ ಕಣ್ಣು. ಕನ್ನಡ ಸಿನಿಮಾದವರೆಲ್ಲ ಇಲ್ಲೇ ಇದ್ದ ಕಾಲದಲ್ಲಿ ರಾಜ್‌ಕುಮಾರ್ ಇದ್ದ ಮನೆ ಯಾವುದು ಎಂದು ಪ್ರತಿ ವರ್ಷ ಕೇಳುತ್ತಿದ್ದರು. ನಾನು ಪ್ರತಿ ವರ್ಷ ಬೇರೆ ಬೇರೆ ಮನೆ ತೋರಿಸುತ್ತಿದ್ದೆ ಎಂದು ನನ್ನ ಹೆಂಡತಿ ಹೇಳುವುದು ಸುಳ್ಳು.

ಆಟಗಳಲ್ಲಿ ನೆನಪಿಟ್ಟುಕೊಂಡು ಹೇಳಬೇಕಾದ್ದು 2008ರ ಸೆಮಿಫೈನಲ್. ರಾಫೆಲ್ ನಡಾಲ್ ಮತ್ತು ಕಾರ್ಲೋಸ್ ಮೊಯಾ, ಇಬ್ಬರೂ ಸ್ಪೇನಿನ ಒಂದೇ ದ್ವೀಪದವರು, ಮಯೋರ್ಕಾದವರು. ಮೊಯಾ ಇಲ್ಲಿ 2004, 2005ರಲ್ಲಿ ಗೆದ್ದವರು, ಚೆನ್ನೈನವರಿಗೆ ಮನೆಯ ಹುಡುಗ. ಮೂರು ಸೆಟ್ಟೂ ಟೈಬ್ರೇಕ್. ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ ಹೊತ್ತು ನಡೆದು ನಡಾಲ್ ಗೆದ್ದರು. ಮರುದಿನ ಫೈನಲ್‌ನಲ್ಲಿ ರಷ್ಯಾದ ಮಿಖಾಯಿಲ್ ಯೂಝ್ನಿ ಎದುರು ಅದೇ ನಡಾಲ್ 6-0, 6-1ರಲ್ಲಿ ಸೋತರು. ದುಡ್ಡು ಕೊಟ್ಟು ಬಂದ ಜನ ಗೊಣಗಿದರು. ಮಾವ ಮಾತ್ರ ಮೊದಲ ಎರಡು ಗೇಮಿಗೇ ‘ಕಾಲು ಸತ್ತಿದೆ. ಇವತ್ತು ಅವನು ಆಡ್ತಿಲ್ಲ, ಮರ್ಯಾದೆಗೆ ನಿಂತಿದ್ದಾನೆ’ ಅಂದಿದ್ದರು. 2009ರಲ್ಲಿ ಈ ಊರಿನಲ್ಲೇ ಬೆಳೆದ ಸೋಮದೇವ್ ದೇವ್‌ವರ್ಮನ್ ವೈಲ್ಡ್ ಕಾರ್ಡಿನಲ್ಲಿ ಬಂದು ಫೈನಲ್ ಮುಟ್ಟಿದಾಗ ಕಿವಿ ಕಿತ್ತುಹೋಗುವಷ್ಟು ಗದ್ದಲ. ಆಮೇಲಿನ ವರ್ಷಗಳೆಲ್ಲ ಸ್ಟಾನ್ ವಾವ್ರಿಂಕಾ ಅವರವು. 2011ರಲ್ಲಿ ಒಮ್ಮೆ, 2014ರಿಂದ 16ರವರೆಗೆ ಸತತ ಮೂರು ಸಲ ಗೆದ್ದರು.

ಊರಿನವರು ಕೇಳುತ್ತಿದ್ದರು, ಬೆಂಗಳೂರಿನಲ್ಲಿ ಟೆನಿಸ್ ಇಲ್ಲವೇ, ಅಷ್ಟು ದೂರ ಯಾಕೆ ಹೋಗಬೇಕು? ಇತ್ತು. ಕಬ್ಬನ್ ಪಾರ್ಕಿನ ಕೋರ್ಟುಗಳಲ್ಲಿ 2006ರಿಂದ 2008ರವರೆಗೆ ಮಹಿಳೆಯರ ಅಂತಾರಾಷ್ಟ್ರೀಯ ಟೂರ್ನಿ ನಡೆಯಿತು, ಕೊನೆಯ ವರ್ಷ ಸೆರೆನಾ ವಿಲಿಯಮ್ಸ್ ಬಂದು ಗೆದ್ದರು. ಮೂರೇ ವರ್ಷ. ನಮ್ಮಲ್ಲಿ ಶುರುವಾಗುವುದು ಜೋರು.

ಇನ್ನು ನೀರಿನ ವಿಷಯಕ್ಕೆ ಬರಲೇಬೇಕು. ಹೊರನಾಡಿನ ಕನ್ನಡಿಗ ಚೆನ್ನೈಯಲ್ಲಿದ್ದರೆ ಕ್ಯಾಲೆಂಡರ್ ಜೊತೆ ಕೆಆರ್‌ಎಸ್ ಮಟ್ಟವನ್ನೂ ನೋಡಿಕೊಂಡಿರುತ್ತಾನೆ. ಕಾವೇರಿ ಕಾವೇರಿದ ವರ್ಷಗಳಲ್ಲಿ ಬಸ್ಸಿನಲ್ಲಿ ಫೋನ್ ಬಂದರೆ ಎತ್ತುತ್ತಿರಲಿಲ್ಲ, ಎತ್ತಿದರೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ಬೆಂಗಳೂರಿನ ತಮಿಳರು 1991ರ ಡಿಸೆಂಬರಿನಲ್ಲಿ ಪಟ್ಟದ್ದು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು, ಅದನ್ನು ಇಲ್ಲಿ ಕೂತವರು ಮರೆತಿಲ್ಲ, ನಾವೂ ಮರೆಯಬಾರದು. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ನೀರು ಬಿಡಲು ಹೇಳಿದ ಮೇಲೆ ಮತ್ತೆ ಹೊತ್ತಿಕೊಂಡಿತು. ಸೆಪ್ಟೆಂಬರ್ 12ರಂದು ಬೆಂಗಳೂರಿನ ಒಂದೇ ಡಿಪೋದಲ್ಲಿ ತಮಿಳುನಾಡಿನ ನಲವತ್ತಕ್ಕೂ ಹೆಚ್ಚು ಬಸ್ಸುಗಳನ್ನು ಸುಟ್ಟರು. ಅದೇ ದಿನ ಬೆಳಗಿನ ಜಾವ ಇಲ್ಲಿ ಮೈಲಾಪುರದಲ್ಲಿ ಕನ್ನಡದವರ ಹೋಟೆಲೊಂದರ ಮೇಲೆ ಪೆಟ್ರೋಲ್ ಬಾಂಬ್ ಎಸೆದಿದ್ದರು. ನಮ್ಮ ಬೀದಿಯಲ್ಲಿ ಏನೂ ಆಗಲಿಲ್ಲ. ಓನರಮ್ಮ ಬಂದು, ಎರಡು ದಿನ ಬಾಗಿಲ ಮೇಲಿನ ಕನ್ನಡ ಬೋರ್ಡು ತೆಗೆದಿಡಿ, ಆಮೇಲೆ ಹಾಕಿಕೊಳ್ಳಿ ಎಂದರು. ತೆಗೆದಿಟ್ಟೆವು, ಆಮೇಲೆ ಹಾಕಿಕೊಂಡೆವು.

ಅಷ್ಟಕ್ಕೇ ಮುಗಿಯಲಿಲ್ಲ ಆ ವರ್ಷ. ನವೆಂಬರ್ 8ಕ್ಕೆ ನೋಟು ರದ್ದು. ಡಿಸೆಂಬರ್ 5ಕ್ಕೆ ಜಯಲಲಿತಾ ತೀರಿಕೊಂಡರು. 12ಕ್ಕೆ ವಾರ್ದಾ ಚಂಡಮಾರುತ ಬಂದು ಊರಿನ ಸಾವಿರಾರು ಮರ ಕೆಡವಿತು. ಇಷ್ಟೆಲ್ಲ ಆದ ಮೇಲೆ ಜನವರಿಗೆ ಬರುತ್ತೀರಾ ಎಂದು ಕೇಳಲು ನನಗೇ ಬಾಯಿ ಬರಲಿಲ್ಲ. ಮಾವನೇ ಫೋನ್ ಮಾಡಿದರು. ಅವರ ಮೊಮ್ಮಗನಿಗೆ ಆಗ ಹನ್ನೊಂದು ವರ್ಷ, ರೋಹನ್ ಬೋಪಣ್ಣ ಎಂದರೆ ಜೀವ ಬಿಡುವವನು. ಕೊಡಗಿನ ಕಾಫಿ ತೋಟದ ಮನೆಯ ಹುಡುಗ ವಿಂಬಲ್ಡನ್ ಆಡುತ್ತಾನೆ ಎಂದರೆ ಕಾಫಿ ಸೀಮೆಯ ಮಕ್ಕಳಿಗೆ ಅದು ಪಕ್ಕದ ಮನೆಯ ಸುದ್ದಿ. ಆ ಸಲ ಬೋಪಣ್ಣ ಚೆನ್ನೈಯಲ್ಲಿ ಜೀವನ್ ನೆಡುಂಚೆಳಿಯನ್ ಎಂಬ ಚೆನ್ನೈ ಹುಡುಗನ ಜೊತೆ ಆಡುವುದೆಂದು ಪೇಪರಿನಲ್ಲಿ ಬಂದಿತ್ತು. ‘ಹೋಗೋಣ, ಏನಾಗುತ್ತೆ?’ ಎಂದರು ಮಾವ. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು, ‘ಏನೂ ಆಗಲ್ಲ, ಬಸ್ಸಿನ ಜೊತೆ ನಮ್ಮನ್ನೂ ಸುಡ್ತಾರೆ ಅಷ್ಟೇ.’

ಮಗನ ಕಾರಿನಲ್ಲಿ ಬರುವುದೆಂದಿದ್ದರು, ಕೆಎ ನಂಬರಿನ ಗಾಡಿ ಬೇಡ ಎಂದು ರೈಲಿಗೆ ಟಿಕೆಟ್ ಮಾಡಿಸಿದರು. ಆ ರೈಲಿನ ಹೆಸರು ಕಾವೇರಿ ಎಕ್ಸ್‌ಪ್ರೆಸ್. ಮೈಸೂರಿನಿಂದ ಹೊರಟು, ಬೆಂಗಳೂರು ಹಾದು, ಬೆಳಗಾಗುವ ಹೊತ್ತಿಗೆ ಚೆನ್ನೈ ಸೆಂಟ್ರಲ್‌ಗೆ ಬರುತ್ತದೆ. ಯಾವ ಗಲಾಟೆಯ ಕಾಲದಲ್ಲೂ ಯಾರೂ ಅದರ ಹೆಸರು ಬದಲಾಯಿಸಿ ಎಂದು ಕೇಳಿದ್ದು ನಾನು ಕಾಣೆ. ಜನವರಿ 7, ಶನಿವಾರ ಬೆಳಿಗ್ಗೆ ಮಾವ, ಅತ್ತೆ, ಅವರ ಮಗ, ಮೊಮ್ಮಗ ನಾಲ್ವರೂ ಇಳಿದರು. ಕೈಯಲ್ಲಿ ಬರೀ ಎರಡು ಸಾವಿರದ ನೋಟು, ಆಟೋದವನ ಹತ್ತಿರ ಚಿಲ್ಲರೆ ಇಲ್ಲ. ಮನೆಗೆ ಬಂದು ಮಾವ ಒಂದು ಲೋಟ ನೀರು ಕುಡಿದು, ‘ಇದು ಎಲ್ಲಿಯ ನೀರೋ?’ ಎಂದರು. ನಾನು ಹೇಳಿದೆ. ಚೆನ್ನೈಗೆ ಬರುವ ನೀರಿನಲ್ಲಿ 2004ರಿಂದ ಒಂದು ಪಾಲು ವೀರಾಣಂ ಕೆರೆಯದು, ಇನ್ನೂರು ಕಿಲೋಮೀಟರಿಗೂ ಹೆಚ್ಚು ಕೊಳವೆಯಲ್ಲಿ ಬರುತ್ತದೆ. ಆ ಕೆರೆ ತುಂಬುವುದು ಕಾವೇರಿಯ ಕವಲಾದ ಕೊಳ್ಳಿಡಂ ನೀರಿನಿಂದ. ಸಕಲೇಶಪುರದ ಬುಡದಲ್ಲಿ ಹರಿಯುವ ಹೇಮಾವತಿ ಕೆಆರ್‌ಎಸ್‌ನಲ್ಲಿ ಕಾವೇರಿ ಸೇರುತ್ತದೆಂದು ಮಾವನಿಗೆ ನಾನು ಹೇಳಬೇಕಾಗಿರಲಿಲ್ಲ. ‘ಹಾಗಾದ್ರೆ ನಾವು ಬರೋಕೆ ಮುಂಚೆ ನಮ್ಮೂರಿನ ನೀರೇ ಬಂದು ಕೂತಿದೆ ಅನ್ನು’ ಎಂದು ಲೋಟ ಕೆಳಗಿಟ್ಟರು.

ಹುಡುಗ ಬ್ಯಾಗಿನಿಂದ ಹಳದಿ-ಕೆಂಪು ಬಾವುಟ ತೆಗೆದ. ಬೋಪಣ್ಣನಿಗೆ ತೋರಿಸಬೇಕಂತೆ. ಅತ್ತೆ ಹೌಹಾರಿದರು. ಅವನಪ್ಪ ‘ಟಿವಿಯಲ್ಲಿ ಎಲ್ಲ ದೇಶದವರೂ ಬಾವುಟ ತೋರಿಸ್ತಾರಲ್ಲ’ ಎಂದ. ಮಾವ ನನ್ನ ಮುಖ ನೋಡಿದರು. ಬೇಡ ಎಂದೆ ನಾನು. ಸ್ಟೇಡಿಯಂನಲ್ಲಿ ಯಾರೂ ಏನೂ ಮಾಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಯಾರೋ ಒಬ್ಬರು ಮೊಬೈಲಿನಲ್ಲಿ ಫೋಟೋ ತೆಗೆದು ಎಲ್ಲಿಗೋ ಹಾಕಿದರೆ, ನಾಲ್ಕು ತಿಂಗಳ ಹಿಂದಷ್ಟೇ ಬಸ್ಸುಗಳು ಸುಟ್ಟ ವಾಸನೆಗೆ ಅದೂ ಸೇರುತ್ತದೆ. ಈಗ ಕೇಳಿದರೂ ಅದೇ ಹೇಳುತ್ತೇನೆ. ಬಾವುಟ ನಮ್ಮ ಬೀರುವಿನಲ್ಲಿ ಉಳಿಯಿತು, ಹುಡುಗ ಮಧ್ಯಾಹ್ನದವರೆಗೆ ನನ್ನ ಜೊತೆ ಮಾತು ಬಿಟ್ಟ.

ಭಾನುವಾರ, ಜನವರಿ 8, ಡಬಲ್ಸ್ ಫೈನಲ್. ಎದುರಿಗೆ ಪುರವ್ ರಾಜಾ ಮತ್ತು ದಿವಿಜ್ ಶರಣ್, ನಾಲ್ವರೂ ಭಾರತದವರೇ. ಜೀವನ್‌ಗೆ ಈ ಮಟ್ಟದ ಟೂರ್ನಿಯಲ್ಲಿ ಅದುವರೆಗೆ ಒಂದೂ ಪ್ರಶಸ್ತಿ ಇರಲಿಲ್ಲ, ಎಡಗೈ ಆಟ. ಕೂಗು ಮೊದಲಿಗೆ ಅವನಿಗೇ. ‘ಜೀವನ್! ಜೀವನ್!’ ಒಂದು ಬದಿಯಿಂದ ಶುರುವಾಗಿ ಸುತ್ತು ಹಾಕುತ್ತಿತ್ತು. ಬೋಪಣ್ಣನ ಸರ್ವ್ ಬಂದಾಗ ನಮ್ಮ ಹುಡುಗ ಒಮ್ಮೆ ಕೂಗಲು ಹೋಗಿ ಅಜ್ಜಿಯ ಮುಖ ನೋಡಿ ಸುಮ್ಮನಾದ. ಆಗ ನಮ್ಮ ಹಿಂದೆ ನಾಲ್ಕೈದು ಸಾಲು ಮೇಲಿನಿಂದ ಯಾರೋ ದಪ್ಪ ದನಿಯಲ್ಲಿ ‘ಹೊಡಿ ಗುರೂ!’ ಎಂದರು. ಅಪ್ಪಟ ಬೆಂಗಳೂರಿನ ಕನ್ನಡ. ನಾವು ಐದೂ ಜನ ತಿರುಗಿ ನೋಡಿದೆವು, ಯಾರೆಂದು ಗೊತ್ತಾಗಲಿಲ್ಲ. ನಮ್ಮ ಪಕ್ಕದಲ್ಲಿದ್ದ ಕಾಲೇಜು ಹುಡುಗರ ಗುಂಪಿಗೆ ಆ ಎರಡು ಶಬ್ದ ಭಾರೀ ಹಿಡಿಸಿಬಿಟ್ಟಿತು. ಅರ್ಥ ಏನೆಂದು ನನ್ನನ್ನು ಕೇಳಿದರು, ‘ಅಡಿ ಗುರು’ ಎಂದೆ. ಆಮೇಲೆ ಬೋಪಣ್ಣನ ಪ್ರತಿ ಸರ್ವಿಗೂ ಅವರು ‘ಹೊಡಿ ಗುರು’, ನಮ್ಮ ಹುಡುಗ ಜೀವನ್‌ಗೆ ‘ಅಡಿ ಡಾ’. ಅತ್ತೆ ಬಾಯಿ ಮೇಲೆ ಸೆರಗು ಇಟ್ಟುಕೊಂಡು ನಗುತ್ತಿದ್ದರು.

ಮಾವ ಇದ್ಯಾವುದರ ಕಡೆಗೂ ಗಮನ ಕೊಟ್ಟಿರಲಿಲ್ಲ. ಅವರು ನೋಡುತ್ತಿದ್ದದ್ದು ಬಾಲ್ ಬಾಯ್‌ಗಳನ್ನು. ನೆಟ್ಟಿನ ಪಕ್ಕ ಮಂಡಿಯೂರಿದ್ದ ಒಬ್ಬ ಹುಡುಗನನ್ನು ತೋರಿಸಿ, ‘ಇವನು ನೋಡು, ಪಾಯಿಂಟ್ ಮುಗಿಯೋಕೆ ಮುಂಚೇನೇ ಎಲ್ಲಿಗೆ ಓಡ್ಬೇಕು ಅಂತ ಗೊತ್ತಿದೆ. ಇವನಿಗೆ ಯಾರಾದ್ರೂ ರ‍್ಯಾಕೆಟ್ ಕೊಡ್ಬೇಕು’ ಎಂದರು. ಬೋಪಣ್ಣ-ಜೀವನ್ 6-3, 6-4ರಲ್ಲಿ ಗೆದ್ದರು. ಕಾವೇರಿ ಹುಟ್ಟುವ ಜಿಲ್ಲೆಯವನೊಬ್ಬ, ಅದರ ನೀರು ಕುಡಿಯುವ ಊರಿನವನೊಬ್ಬ, ಇಬ್ಬರೂ ಎದೆಗೆ ಎದೆ ತಾಗಿಸಿ ಹಾರಿದರು. ಮರುದಿನದ ಯಾವ ಪೇಪರೂ ಇದನ್ನು ಹೀಗೆ ಬರೆಯಲಿಲ್ಲ. ಬರೆಯದೆ ಇದ್ದದ್ದೇ ಒಳ್ಳೆಯದಾಯಿತು. ಸಿಂಗಲ್ಸ್‌ನಲ್ಲಿ ಸ್ಪೇನಿನ ಬಟಿಸ್ಟಾ ಅಗುಟ್ ಗೆದ್ದರು. ಸೋತ ಉದ್ದ ಕಾಲಿನ ರಷ್ಯನ್ ಹುಡುಗ ಡ್ಯಾನಿಲ್ ಮೆಡ್ವೆಡೆವ್, 2021ರಲ್ಲಿ ಅಮೆರಿಕನ್ ಓಪನ್ ಗೆದ್ದು ಮರುವರ್ಷ ಜಗತ್ತಿನ ಮೊದಲ ಸ್ಥಾನಕ್ಕೆ ಹೋದವರು.

ಅದು ಚೆನ್ನೈಯಲ್ಲಿ ಕೊನೆಯ ಟೂರ್ನಿ ಎಂದು ಅವತ್ತು ನಮಗೆ ಗೊತ್ತಿರಲಿಲ್ಲ. ಆ ವರ್ಷವೇ ಅದನ್ನು ಪುಣೆಗೆ ಸಾಗಿಸುವುದೆಂದು ತೀರ್ಮಾನವಾಯಿತು. 2018ರಿಂದ ಬಾಲೇವಾಡಿಯಲ್ಲಿ ಮಹಾರಾಷ್ಟ್ರ ಓಪನ್ ಹೆಸರಿನಲ್ಲಿ ನಡೆಯಿತು. ಕೋವಿಡ್ ಕಾರಣಕ್ಕೆ 2021ರಲ್ಲಿ ತಪ್ಪಿತು. ಬೋಪಣ್ಣ ಅಲ್ಲಿಯೂ 2019ರಲ್ಲಿ, 2022ರಲ್ಲಿ ಡಬಲ್ಸ್ ಗೆದ್ದರು. 2023ರ ನಂತರ ಅದು ಪುಣೆಯಿಂದಲೂ ಹೋಯಿತು, ಆ ವಾರ ಹಾಂಗ್‌ಕಾಂಗ್‌ನ ಪಾಲಾಯಿತು. ಟೂರ್ನಿಗಳು ಊರಿನವಲ್ಲ, ಹಕ್ಕು ಕೊಂಡವರವು. ಇದು ಪ್ಲಾಂಟರುಗಳ ಕ್ಲಬ್ಬಿನಲ್ಲಿ ಬೆಳೆದ ಮಾವನಿಗೆ ನನಗಿಂತ ಬೇಗ ಅರ್ಥವಾಯಿತು. ‘ಕೋರ್ಟು ಅಲ್ಲೇ ಇದೆಯಲ್ಲ?’ ಎಂದಷ್ಟೇ ಕೇಳಿದರು. ಪುಣೆಗೆ ಅವರು ಹೋಗಲಿಲ್ಲ. ನೆಂಟರು ಮತ್ತೆ ಕಣ್ಣಿಗೆ, ವೀಸಾಕ್ಕೆ ಬರತೊಡಗಿದರು. 2018ರ ಫೆಬ್ರವರಿಯಲ್ಲಿ ಕಾವೇರಿಯ ತೀರ್ಪೂ ಬಂತು, ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25. ಆ ದಿನ ನಮ್ಮ ಬೋರ್ಡು ತೆಗೆಯಬೇಕಾಗಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಅದೇ ನುಂಗಂಬಾಕ್ಕದಲ್ಲಿ ಮಹಿಳೆಯರ ಚೆನ್ನೈ ಓಪನ್ ನಡೆದಾಗ ಮಾವ ಎಪ್ಪತ್ತೆಂಟರಲ್ಲಿ ಮತ್ತೊಮ್ಮೆ ಬಂದರು. ಮೆಟ್ಟಿಲು ಹತ್ತಲು ಮೊಮ್ಮಗನ ಭುಜ ಬೇಕಾಯಿತು. ಜೆಕ್ ದೇಶದ ಹದಿನೇಳು ವರ್ಷದ ಹುಡುಗಿ ಲಿಂಡಾ ಫ್ರುಹ್ವಿರ್ಟೋವಾ ಗೆದ್ದಳು. ಮಾವ ಇಡೀ ಪಂದ್ಯ ಕೂತೇ ನೋಡಿದರು, ನಡುವೆ ಒಮ್ಮೆ ನಿದ್ದೆಯೂ ಮಾಡಿದರು.

2024ರ ಜನವರಿಯಲ್ಲಿ ಬೋಪಣ್ಣ ನಲವತ್ತಮೂರನೇ ವಯಸ್ಸಿಗೆ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ರಾತ್ರಿ ಊರಿನಿಂದ ಫೋನ್ ಬಂತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಮಾವ ಫೋನ್ ತೆಗೆದುಕೊಂಡು, ‘ಅದು ಸರಿ, ನಿಮ್ಮೂರಿನ ಆ ಎಡಗೈ ಹುಡುಗ ಈಗ ಎಲ್ಲಿದ್ದಾನೆ?’ ಎಂದರು. ಇನ್ನೂ ಆಡುತ್ತಿದ್ದಾನೆ ಮಾವ ಎಂದೆ. ಅದೇ ಸೆಪ್ಟೆಂಬರಿನಲ್ಲಿ ಜೀವನ್, ಚೆನ್ನೈಯವರೇ ಆದ ವಿಜಯ್ ಸುಂದರ್ ಪ್ರಶಾಂತ್ ಜೊತೆ ಚೀನಾದ ಹಾಂಗ್‌ಝೌನಲ್ಲಿ ಡಬಲ್ಸ್ ಗೆದ್ದರು. ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂದಿತ್ತು. ಕತ್ತರಿಸಿ, ಬೀರುವಿನಲ್ಲಿದ್ದ ಬಾವುಟದ ಜೊತೆ ಕವರಿಗೆ ಹಾಕಿ, ಊರಿಗೆ ಕೊರಿಯರ್ ಮಾಡಿದೆ.